ಅಕ್ಕ ದಾಟಿದ ಹಲಗೆ

ಮಚ್ಛೆಯ ಹತ್ತಿರ ಬಸ್ಸು ನಿಂತಾಗ ರಸ್ತೆ ಬದಿಯ ಕಟ್ಟಿಗೆ ಮಿಲ್ಲಿನಿಂದ ಹಲಸಿನ ಮರ ಕೊಯ್ಯುವ ವಾಸನೆ ಬಂತು. ಅದು ಹಣ್ಣಿನ ಸಿಹಿ ವಾಸನೆಯಲ್ಲ, ಅದರ ಬೆನ್ನಿಗೆ ಬರುವ ಒಗರು. ಬೆಳಗಾವಿಯ ಕಟ್ಟಿಗೆ ವಖಾರಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ಯಾವ ಮರದ ಮೇಲೆ ಗರಗಸ ಆಡುತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಬಾಜುವಿನಲ್ಲಿ ಅಕ್ಕನ ಮಗಳು ಗಂಗವ್ವ ಕುಳಿತಿದ್ದಳು. ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದು, ಬೆಳಗಾವಿಯ ದವಾಖಾನೆಯಲ್ಲಿ ತೆಗೆಸಲು ಕರೆದುಕೊಂಡು ಹೊರಟಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಮಾಮಾ, ನಮ್ಮಜ್ಜಿ ಕಣ್ಣೂ ಹಿಂಗ ಹೋಗಿದ್ವಂತ. ಹೋಗೂದ್ರಾಗ ಅಕಿ ನನ್ನ ಮಾರಿ ನೋಡಿದ್ಲೇನ?"

"ಬಸ್ಸು ಹೊಂಟ್ತು, ಗಟ್ಟಿ ಹಿಡಕೋ," ಎಂದೆ.

ಅದು ಉತ್ತರವಲ್ಲವೆಂದು ಅವಳಿಗೂ ಗೊತ್ತಾಯಿತು. ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಅಕ್ಷರ ತಪ್ಪಿದರೆ ಸದಾಶಿವನಗರದ ಮನೆಯಲ್ಲಿರುವ ಮೊಮ್ಮಗ ತಿದ್ದುತ್ತಾನೆ. ಸಂಗತಿ ತಪ್ಪುವುದಿಲ್ಲ.

ನಮ್ಮೂರು ಖಾನಾಪುರದಿಂದ ಮೇಲೆ, ಹೊಳೆಯ ಈ ದಂಡೆಯಲ್ಲಿ. ಅಕ್ಕ ನೀಲವ್ವನನ್ನು ಕೊಟ್ಟ ಊರು ಎದುರು ದಂಡೆಯಲ್ಲಿ. ನಮ್ಮ ಅಂಗಳದಲ್ಲಿ ನಿಂತರೆ ಅವಳ ಒಲೆಯ ಹೊಗೆ ಕಾಣುತ್ತಿತ್ತು. ನಡುವೆ ಹಲಗೆಯ ಸೇತುವೆ ಇತ್ತು. ಇವತ್ತು ಅಲ್ಲಿ ಕಾಂಕ್ರೀಟಿನದು ನಿಂತಿದೆ, ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರು ಹೋಗುತ್ತದೆ. ಕೆಳಗೆ ಬಗ್ಗಿ ನೋಡಿದರೆ ನಮ್ಮ ಹಳೆಯ ಕಲ್ಲುಕಂಬದ ಬುಡ ಒಂದು ಉಳಿದಿದೆ, ಅದರ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ. ಆ ಸೇತುವೆ ಹೇಗಿತ್ತೆಂದು ನನಗಿಂತ ಚೆನ್ನಾಗಿ ಹೇಳುವವರು ಈಗ ಯಾರೂ ಇಲ್ಲ.

ನೀರಿನಲ್ಲಿ ಕಾಡುಗಲ್ಲಿನ ಕಂಬಗಳು. ಕಂಬದಿಂದ ಕಂಬಕ್ಕೆ ಮತ್ತಿ ಮರದ ತೊಲೆಗಳು. ತೊಲೆಗಳ ಮೇಲೆ ಅಡ್ಡ ಹಲಗೆ. ಜೂನಿನ ಮಿರಗದ ಮಳೆ ಹಿಡಿಯುವ ಮೊದಲು ಹಲಗೆಗಳನ್ನೆಲ್ಲ ಎತ್ತಿಬಿಡುತ್ತಿದ್ದರು. ಬಿಟ್ಟರೆ ಮಹಾಪೂರ ಹಲಗೆಗೆ ಎದೆಗೊಟ್ಟು ತೊಲೆಯನ್ನೂ ಕಿತ್ತುಕೊಂಡು ಹೋಗುತ್ತಿತ್ತು. ಮಳೆಗಾಲವಿಡೀ ಹಲಗೆಗಳು ನಮ್ಮ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಲಗುತ್ತಿದ್ದವು, ಏಕೆಂದರೆ ದಂಡೆಗೆ ಹತ್ತಿರದ ಮನೆ ನಮ್ಮದು. ಹೊಳೆ ಇಳಿದ ಮೇಲೆ ಎಣ್ಣೆ ಕುಡಿಸಿ ಮತ್ತೆ ಹಾಸುತ್ತಿದ್ದರು.

ಅದು ಬರೀ ಸೇತುವೆಯಲ್ಲ. ನಮ್ಮೂರಿನ ಮಗಳನ್ನು ಆಚೆ ದಂಡೆಗೆ ಕೊಟ್ಟರೆ ಅವಳ ತವರಿನವರು ಸೇತುವೆಗೆ ಒಂದು ಹಲಗೆ ಕೊಡಬೇಕು. ಆ ಹಲಗೆ ಅವಳದು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವುದು ಎಲ್ಲ ಕಡೆ ಉಂಟು. ನಮ್ಮಲ್ಲಿ ಪಂಚಮಿಯ ಹೊತ್ತಿಗೆ ಹೊಳೆ ತುಂಬಿರುತ್ತಿತ್ತು. ಅದಕ್ಕೇ ಹಲಗೆ ಹಾಸಿದ ದಿನವೇ ನಮಗೆ ಪಂಚಮಿ. ಹಲಗಿ ಪಂಚಮಿ ಎನ್ನುತ್ತಿದ್ದರು. ಅಂದು ಅಣ್ಣತಮ್ಮಂದಿರು ಆಚೆ ಹೋಗಿ ಅಕ್ಕತಂಗಿಯರನ್ನು ಕರೆತರಬೇಕು, ಅವರು ತಮ್ಮ ತಮ್ಮ ಹಲಗೆ ಮುಟ್ಟಿ ನಮಸ್ಕಾರ ಮಾಡಿ ದಾಟಬೇಕು. ಬೇರೆ ದಾರಿಯಿಂದ ತವರಿಗೆ ಬರುವ ಪದ್ಧತಿ ಇರಲಿಲ್ಲ. ಆಮೇಲೆ ಎಳ್ಳು, ಶೇಂಗಾದ ಉಂಡಿ ತಿನ್ನುವುದು, ಆಮೇಲೆ ಜೋಕಾಲಿ.

ಅಕ್ಕನ ಹಲಗೆ ನಮ್ಮ ಹಿತ್ತಲಿನ ಹಲಸಿನದು. ಉಳಿದವೆಲ್ಲ ಕಪ್ಪಗೆ, ಅದೊಂದು ಅರಿಸಿನ ಹಚ್ಚಿದ ಹಾಗೆ ಹಳದಿ. ನಡು ಹೊಳೆಯ ಮೇಲೆ ಅದರ ಜಾಗ. ಅಪ್ಪ ತೀರಿಹೋಗಿದ್ದರಿಂದ ಅದನ್ನು ಕೊಟ್ಟವನು ಬಾಳಪ್ಪ ಕಾಕಾ, ಹೊತ್ತು ತಂದು ಕೂರಿಸಿದವನು ನಾನು.

ನಾನು ಹೇಳುವುದು ಹತ್ತೊಂಬತ್ತು ನೂರಾ ಇಪ್ಪತ್ತರ ದಶಕದ ಒಂದು ಮಳೆಗಾಲದ ಮಾತು. ಮೀಸೆ ಆಗತಾನೆ ಕಪ್ಪಾಗುತ್ತಿತ್ತು. ಬೆಳಗಾವಿಯಲ್ಲಿ ಸ್ಟೇಶನ್ನಿನಿಂದ ಕೋಟೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಕಟ್ಟಿಗೆ ವಖಾರಿ ಇತ್ತು, ಅಲ್ಲಿ ಗರಗಸದ ಕೆಲಸ. ವಖಾರಿಯ ಎದುರು ಕುದುರೆಗಳಿಗೆ ನೀರು ಕುಡಿಸುವ ಕಲ್ಲಿನ ದೋಣಿ. ಅದರಾಚೆ ತಗಡಿನ ಥೇಟರು. ದೋಣಿಯೂ ಇಲ್ಲ, ಥೇಟರೂ ಇಲ್ಲ, ಅಲ್ಲೀಗ ಮೊಬಿಲ್ ಆಯಿಲ್ ಮಾರುತ್ತಾರೆ. ಆದರೆ ಮಳೆಗಾಲದಲ್ಲಿ ಆ ತಗಡಿನ ಮೇಲೆ ಮಳೆ ಬಡಿಯುವಾಗ ಒಳಗೆ ಕಾಲುಪೇಟಿ ಹಾರ್ಮೋನಿಯಮ್ಮಿನ ಸ್ವರ ಏರುತ್ತಿದ್ದದ್ದು ನನ್ನ ಕಿವಿಯಿಂದ ಹೋಗುವುದಿಲ್ಲ.

ಮಳೆಗಾಲದಲ್ಲಿ ಊರೂರು ತಿರುಗಲಾಗದೆ ನಾಟಕ ಕಂಪನಿಗಳು ದೊಡ್ಡ ಊರು ಹಿಡಿದು ಕೂರುತ್ತಿದ್ದವು. ಆ ವರ್ಷ ಬಂದ ಕಂಪನಿಯ ಸ್ಟೇಜಿನ ಹಲಗೆಗಳು ಗೆದ್ದಲು ಹಿಡಿದಿದ್ದವು. ಅದರ ಮ್ಯಾನೇಜರ ಭೀಮರಾಯರು, ಮಂದಿ ಅವರ ಹೊಟ್ಟೆ ನೋಡಿ ನಗುತ್ತಿದ್ದರು, ದನಿ ಕೇಳಿ ಸುಮ್ಮನಾಗುತ್ತಿದ್ದರು, ಅವರು ವಖಾರಿಗೆ ಬಂದು ಕಟ್ಟಿಗೆ ತಟ್ಟಿ ತಟ್ಟಿ ನೋಡಿದರು.

"ಹಸೀ ಕಟಗಿ ಬ್ಯಾಡೋ ತಮ್ಮಾ. ನನ್ನ ಭೀಮಸೇನನ ವೇಷ ಕುಣದ್ರ ಬಾಗತಾವ. ಹಳೀ ಹಲಗಿ, ನೀರ ಕಂಡದ್ದು, ಬಿಸಲ ಕಂಡದ್ದು, ಅಂಥಾದ್ದು ಎಲ್ಲ್ಯರ ಐತೇನು? ಮಳಿ ಮುಗದ ಮ್ಯಾಲೆ ತಿರಗಿ ಕೊಡ್ತೇನಿ."

"ಅದಾವ್ರೀ," ಎಂದುಬಿಟ್ಟೆ.

"ಏನ ಕೊಡ್ಲಿ ಅದಕ್ಕ?"

"ನನಗೊಂದು ವೇಷ ಕೊಡ್ರಿ."

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಎತ್ತರ ಅದಿ. ಮಾತಾಡಾಕ ಬರತೈತಿ?"

"ಬರತೈತ್ರಿ."

"ಹಂಗಾರ ಮಾತಿಲ್ಲದ ವೇಷ ಕೊಡ್ತೇನಿ. ದ್ವಾರಪಾಲಕ."

ಊರಿಗೆ ಹೋಗಿ ಕಾಕಾನಿಗೆ ಹೇಳಿದೆ: ಕೊಟ್ಟಿಗೆ ಸೋರುತ್ತದೆ, ಈ ಸಲ ಹಲಗೆಗಳನ್ನು ವಖಾರಿಯ ತಗಡಿನ ಕೆಳಗೆ ಇಟ್ಟು ಚೆನ್ನಾಗಿ ಎಣ್ಣೆ ಕುಡಿಸಿ ತರುತ್ತೇನೆ. ಕಾಕಾ ಸುಳ್ಳು ಹೇಳದವನು, ಅದಕ್ಕೇ ಸುಳ್ಳು ಅವನಿಗೆ ಗೊತ್ತಾಗುತ್ತಿರಲಿಲ್ಲ. "ಶಹಾಣ್ಯಾ ಆದಿ ಬಿಡು," ಎಂದು ಬೆನ್ನು ತಟ್ಟಿ ಗಾಡಿ ಹೂಡಿಸಿ ಕೊಟ್ಟ. ಊರಿನ ಹೆಣ್ಣುಮಕ್ಕಳ ಹಲಗೆಗಳೆಲ್ಲ ಬೆಳಗಾವಿಗೆ ಹೋಗಿ ರಂಗಭೂಮಿಯಾದವು.

ಆ ನಾಟಕದಲ್ಲಿ ರಾಕ್ಷಸ ನೆಲದೊಳಗೆ ಮಾಯವಾಗಬೇಕು. ಅದಕ್ಕೆ ಸ್ಟೇಜಿನಲ್ಲಿ ಒಂದು ಕಿಂಡಿ. ಯಾವ ಹಲಗೆ ಕೊಯ್ಯುವುದು ಎಂದು ಭೀಮರಾಯರು ಕೇಳಿದಾಗ, ಕೊಯ್ಯಲು ಮೆತ್ತಗೆ, ಅಂಚು ಒಡೆಯುವುದಿಲ್ಲ ಎಂದು ಹಲಸಿನದನ್ನು ತೋರಿಸಿದವನು ನಾನೇ. ಗರಗಸ ಹಿಡಿದವನೂ ನಾನೇ. ವಾಸನೆ ಎದ್ದಾಗ ಒಂದು ಗಳಿಗೆ ಹಿತ್ತಲು ನೆನಪಾಯಿತು, ಅಷ್ಟೆ. ಕೆಳಗೆ ಕಟ್ಟಿಗೆಯ ಪಟ್ಟಿ ಹೊಡೆದರೆ ಕೂಡುತ್ತದೆ ಎಂದುಕೊಂಡೆ. ಗ್ಯಾಸಬತ್ತಿಯ ಬೆಳಕಿನಲ್ಲಿ ರಟ್ಟಿನ ಕಿರೀಟ ಇಟ್ಟು ಈಟಿ ಹಿಡಿದು ನಿಂತರೆ ಕೆಳಗೆ ಕತ್ತಲಲ್ಲಿ ಕುಳಿತ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ದ್ವಾರಪಾಲಕನನ್ನು ಯಾರು ನೋಡುತ್ತಾರೆ?

ಅದೇ ಮಳೆಗಾಲದಲ್ಲಿ ಊರಿನಲ್ಲಿ ಎರಡು ಸಂಗತಿ ನಡೆದವು. ಬಸುರಿ ಅಕ್ಕ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರಬೇಕಿತ್ತು. ಮಳೆ ಮೊದಲೇ ಬಂತು, ಹಲಗೆ ಎತ್ತಬೇಕಾಯಿತು, ಅವಳು ಆಚೆಯೇ ಉಳಿದಳು. ಶ್ರಾವಣದಲ್ಲಿ ಅಲ್ಲೇ ಹೆತ್ತಳು. ಹೆಣ್ಣು, ಈ ಗಂಗವ್ವ. ಇತ್ತ ಅವ್ವನ ಕಣ್ಣಿಗೆ ಪೊರೆ ಬಂದದ್ದು ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಆಗ ನಮಗೆ ಗೊತ್ತಿದ್ದ ಔಷಧವೆಂದರೆ ಜೇನುತುಪ್ಪ. ಮಿರಜಿನಲ್ಲಿ ದವಾಖಾನೆ ಇದೆ ಎನ್ನುತ್ತಿದ್ದರು. ಅವ್ವನ ಪಾಲಿಗೆ ಮಿರಜೂ ಒಂದೇ ಕಾಶಿಯೂ ಒಂದೇ.

ಮಳೆ ತೆರಪು ಕೊಟ್ಟ ದಿನ ಅಕ್ಕ ಕೂಸನ್ನು ಎತ್ತಿಕೊಂಡು ಆಚೆ ದಂಡೆಗೆ ಬರುತ್ತಿದ್ದಳು. ಅವ್ವ ಈಚೆ. ನಡುವೆ ಕೆಂಪು ನೀರು. ಒಮ್ಮೆ ರಜೆಗೆ ಬಂದಾಗ ನಾನೂ ಅವ್ವನ ಹಿಂದೆ ನಿಂತಿದ್ದೆ. ಅವ್ವನಿಗೆ ಕಾಣಲೆಂದು ಅಕ್ಕ ಕೂಸಿಗೆ ತನ್ನ ಮದುವೆಯ ಕೆಂಪು ಕುಬಸ ಸುತ್ತಿ ಮೇಲಕ್ಕೆ ಎತ್ತಿ ಹಿಡಿದಳು.

"ಕಾಣಸ್ತೇನವ್ವಾ?" ಅಕ್ಕನ ಕೂಗು ನೀರಿನ ಮೇಲೆ ತೇಲಿ ಬಂತು.

"ಕೆಂಪ ಕಾಣಸ್ತು," ಅವ್ವ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, "ಮಾರಿ ಕಾಣವಲ್ದೋ ಕಲ್ಲಪ್ಪಾ," ಎಂದಳು. "ಇರ್ಲಿ. ಹಲಗಿ ಬೀಳೂತನಾ ಇಷ್ಟರ ಬೆಳಕ ಉಳೀತೈತಿ. ಹತ್ರ ಹಿಡಕೊಂಡ ನೋಡ್ತೀನಿ."

ದಸರೆಯ ಹೊತ್ತಿಗೆ ಹೊಳೆ ಇಳಿಯಿತು. ಕಾಕಾ ಹೇಳಿ ಕಳಿಸಿದ: ಹಲಗೆ ತಾ. ನಾನು ಭೀಮರಾಯರ ಮುಂದೆ ನಿಂತೆ. ಆಟ ಚಲೋ ಓಡುತ್ತಿತ್ತು. "ಇನ್ನೊಂದೆಂಟ ದಿವಸ ತಡಿಯೋ. ಈಗ ಹಲಗಿ ಕಿತ್ರ ನಾವೇನು ಕೆಸರಾಗ ಕುಣೀಬೇಕೇನು? ಮುಂದಿನ ಆಟದಾಗ ನಿನಗ ಎರಡ ಮಾತ ಕೊಡ್ತೇನಿ." ಎಣ್ಣೆ ಇನ್ನೂ ಹೀರಿಲ್ಲ ಎಂದು ಊರಿಗೆ ಹೇಳಿ ಕಳಿಸಿದೆ.

ದೀಪಾವಳಿಗೆ ಮನೆಗೆ ಹೋದಾಗ ಅವ್ವ ದೀಪದ ಕುಡಿಯನ್ನು ಕೈಯಿಂದ ತಡವಿ ಹುಡುಕುತ್ತಿದ್ದಳು. ನನ್ನ ಹೆಜ್ಜೆ ಕೇಳಿ ಹೇಳಿದಳು:

"ಹಲಗೀ ಹಾದಿ ನೋಡೂದ ಬ್ಯಾಡೋ. ಪದ್ಧತಿ ಸುಡ್ಲಿ. ಖಾನಾಪುರದ ಕಲ್ಲ ಸೇತುವಿ ಮ್ಯಾಲಿಂದ ಸುತ್ತ ಹಾಕಿ ಹೋಗು. ಅರ್ಧಾ ದಿವಸದ ಹಾದಿ. ಅಕ್ಕನ್ನ, ಕೂಸನ್ನ ಕರಕೊಂಡ ಬಾ. ನನಗ ಇನ್ನ ಬಾಳ ದಿವಸ ಇಲ್ಲೋ ಕಲ್ಲಪ್ಪಾ. ಸಾಯಾಕಲ್ಲ, ನೋಡಾಕ."

ಕಾಕಾ ಅಲ್ಲೇ ಇದ್ದ. "ಹಲಗಿ ಇಲ್ಲದ ಹೋದ್ರ ಅವರ ಮಂದಿ ಏನಂದಾರು?" ಎಂದ. "ಅಂದ್ರ ಅನ್ಲಿ," ಎಂದಳು ಅವ್ವ. ಒಂದು ಗಂಟಿನಲ್ಲಿ ಉಂಡಿ ಕಟ್ಟಿ ಕೊಟ್ಟಳು.

ಮರುದಿನ ಬೆಳಿಗ್ಗೆ ಹೊರಟೆ. ಬಿಸಿಲು ಚೆನ್ನಾಗಿತ್ತು, ಭತ್ತದ ಗದ್ದೆಗಳು ಬಾಗಿದ್ದವು, ನಾನು ಹೋಗುವವನೇ ಇದ್ದೆ. ಖಾನಾಪುರ ಮುಟ್ಟಿದೆ. ಅಲ್ಲಿ ದಾರಿ ಒಡೆಯುತ್ತದೆ. ಒಂದು ಸೇತುವೆಗೆ, ಒಂದು ಸ್ಟೇಶನ್ನಿಗೆ. ಅಷ್ಟರಲ್ಲಿ ಬೆಳಗಾವಿಯ ಗಾಡಿ ಸೀಟಿ ಹಾಕಿತು. ಅಂದು ಹೊಸ ಆಟ. ನನಗೆ ಎರಡು ಮಾತು ಇದ್ದ ಆಟ. ಅಕ್ಕನ ಮನೆಗೆ ಹೋದರೆ ಹಲಗೆ ಎಲ್ಲಿ ಎಂದು ಅವರೂ ಕೇಳುತ್ತಾರೆ ಎಂಬ ಅಳುಕೂ ಇತ್ತು, ಆದರೆ ಅದನ್ನು ನೆಪ ಮಾಡಿಕೊಳ್ಳುವುದಿಲ್ಲ. ವೇಷದ ಆಸೆಯೇ ನನ್ನನ್ನು ಓಡಿಸಿದ್ದು. ಗಾಡಿ ಹತ್ತಿದೆ. ಉಂಡಿಗಳನ್ನು ದಾರಿಯಲ್ಲಿ ತಿಂದೆ.

ಆ ಎರಡು ಮಾತು: "ಮಹಾಪ್ರಭು, ಅತಿಥಿಗಳು ಬಂದಿದ್ದಾರೆ." ಇಷ್ಟು ಹೇಳಲು ಹೋದೆ.

ಎರಡು ದಿನ ಬಿಟ್ಟು ಊರಿಗೆ ಬಂದೆ. ಅವ್ವ ಬಾಗಿಲಲ್ಲಿ ನಿಂತು ನನ್ನ ಹಿಂದೆ ಇನ್ನೊಂದು ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟಿದ್ದಳು.

"ಒಬ್ಬನ ಬಂದ್ಯಾ?"

"ಕಳಸ್ಲಿಲ್ಲವ್ವಾ. ಅವರತ್ತಿ ಬ್ಯಾಡಂದ್ಲು."

ಅಷ್ಟು ಸಲೀಸಾಗಿ ಬಂತು ಬಾಯಿಗೆ. ಅವ್ವ ಬಾಗಿಲಿನಿಂದ ತಿರುಗಿದಳು. ಒಳಗೆ ಹೋಗಿ, ಕೂಸಿಗೆಂದು ಹಾಸಿದ್ದ ಕೌದಿಯನ್ನು ತಡವಿ ತಡವಿ ಮಡಿಸಿ ಪೆಟ್ಟಿಗೆಯಲ್ಲಿಟ್ಟಳು.

ದೀಪಾವಳಿಯ ಮುಂದಿನ ತಿಂಗಳು, ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಕಂಪನಿ ಗಂಟು ಕಟ್ಟಿತು. ನಾನು ಹಲಗೆಗಳನ್ನು ಗಾಡಿಗೆ ಹೇರಿದೆ. ಹಲಸಿನದರ ಎರಡು ತುಂಡಿಗೆ ಕೆಳಗಿನಿಂದ ಪಟ್ಟಿ ಹೊಡೆದು ಕೂಡಿಸಿದೆ. ಕೆಲಸ ಚೆನ್ನಾಗಿಯೇ ಆಗಿತ್ತು. ಕೆಲಸದಲ್ಲಿ ನಾನು ಎಂದೂ ಕಡಿಮೆಯಲ್ಲ. ಸೀಳಿತ್ತು ಎಂದೆ, ಕಾಕಾ ನಂಬಿದ. ಸಂಕ್ರಾಂತಿಯ ಮುಂಚೆ ಸೇತುವೆಗೆ ಹಲಗೆ ಹಾಸಿದೆವು. ಊರಿನ ಗಂಡಸರೆಲ್ಲ ಆಚೆ ಓಡಿದರು, ನಾನೂ ಹೋದೆ. ಅಕ್ಕ ಬಾಗಿಲಲ್ಲೇ ಕಾದಿದ್ದಳು, ಕೂಸು ಕಂಕುಳಲ್ಲಿ, ಅದೇ ಕೆಂಪು ಕುಬಸ.

"ಬಂದ್ಯಾ ಮಹಾರಾಯಾ? ನಿನ್ನ ಎಣ್ಣಿ ಹೀರೂದ್ರಾಗ ಈಕಿಗಿ ಹಲ್ಲ ಮೂಡ್ತಾವ," ಎಂದು ನಕ್ಕಳು. ಅಕ್ಕನ ನಗೆ ಹಾಗೇ, ಬೈದಂತೆ ಇರುತ್ತಿತ್ತು.

ಸೇತುವೆಯ ನಡುವೆ ಬಂದಾಗ ನಮಸ್ಕಾರಕ್ಕೆ ಬಗ್ಗಿದವಳು ಹಾಗೇ ನಿಂತಳು. ಕೈ ಎರಡು ತುಂಡಿನ ಕೂಡಿನ ಮೇಲೆ ಹರಿದಾಡಿತು.

"ಇದು ನನ್ನ ಹಲಗಿ ಹೌದಲ್ಲೋ?"

"ಹೌದಕ್ಕಾ. ಸೀಳಿತ್ತು."

ಅವಳು ತಲೆ ಎತ್ತಿ ನೋಡಿದಳು. "ಹಲಸು ಉದ್ದಕ ಸೀಳೂದ ನೋಡೀನಿ. ಅಡ್ಡ ಸೀಳೂದ ಇವತ್ತ ನೋಡಿದೆ."

ನಾನು ನೀರು ನೋಡಿದೆ. ಅವಳು ಎದ್ದು, ಸೀರೆ ಎತ್ತಿ ಹಿಡಿದು, ಆ ಹಲಗೆಯ ಮೇಲೆ ಕಾಲಿಡದೆ ಉದ್ದ ಹೆಜ್ಜೆ ಹಾಕಿ ದಾಟಿದಳು.

ಮನೆಯಲ್ಲಿ ಅವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಕಿನ ಕಡೆ ತಿರುಗಿದಳು. ಹತ್ತಿರ ಹಿಡಿದಳು. ಇನ್ನೂ ಹತ್ತಿರ. ಆಮೇಲೆ ಕೈ ಬಂತು, ಹಣೆಯ ಮೇಲೆ, ಮೂಗಿನ ಮೇಲೆ, ಗದ್ದದ ಮೇಲೆ. ಕೂಸು ಅವಳ ಬೆರಳು ಹಿಡಿದು ಚೀಪಿತು. ಕೆಂಪೂ ಕಾಣಿಸಲಿಲ್ಲ ಅವಳಿಗೆ.

"ಯಾರ ಹಂಗ ಅದಾಳ?" ಎಂದು ಕೇಳಿದಳು.

"ನಿನ್ನ ಹಂಗ ಅದಾಳವ್ವಾ," ಎಂದಳು ಅಕ್ಕ.

ಅವ್ವ ಕೂಸಿನ ತಲೆ ನೇವರಿಸುತ್ತಾ ಕೇಳಿದಳು: "ದೀಪಾವಳಿಗಿ ಕಲ್ಲಪ್ಪ ಸುತ್ತ ಹಾಕಿ ಬಂದಿದ್ನಲ್ಲ, ಆವಾಗರ ಕಳಸಬಾರದಾಗಿತ್ತೇನ ನಿಮ್ಮತ್ತಿ?"

ನಾನು ಗೋಡೆಗೆ ಒರಗಿ ನಿಂತಿದ್ದೆ. ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಗೊತ್ತಾಗದ ಭಾವ. ಆಮೇಲೆ ಅವಳಿಗೆ ಗೊತ್ತಾಯಿತು. ಹಲಗೆಯ ಕೂಡು ಕಂಡಾಗ ನೋಡಿದಂತೆಯೇ ನೋಡಿದಳು.

"ಬಂದಿದ್ದವ್ವಾ," ಎಂದಳು. "ಬಾಗಲ್ದಾಗ ನಿಂತು ಬಾಳ ಕೇಳ್ಕೊಂಡ. ಅತ್ತಿ ಬ್ಯಾಡಂದ್ಲು."

ಅವಳ ಅತ್ತೆ ಪಾಪದ ಹೆಂಗಸು. ಸೊಸೆಯ ಬಾಣಂತನಕ್ಕೆ ತಾನೇ ಖಾರ ಕುಟ್ಟಿದವಳು. ಅಂದಿನಿಂದ ಅವ್ವ ಆ ಮನೆಗೆ ಹಬ್ಬದ ಉಂಡಿ ಕಳಿಸುವುದನ್ನು ನಿಲ್ಲಿಸಿದಳು, ಸಾಯುವವರೆಗೂ ಆ ಹೆಂಗಸಿನ ಹೆಸರು ಎತ್ತಲಿಲ್ಲ. ಒಂದು ಮಾತು ಹೇಳಿದ್ದರೆ ಸರಿಹೋಗುತ್ತಿತ್ತು. ಹೇಳಬೇಕಾದವನು ನಾನು, ಹೇಳಲಿಲ್ಲ. ಅಕ್ಕನೂ ಒಂದು ದಿನವಾದರೂ ಕೇಳಲಿಲ್ಲ. ನನ್ನ ಮದುವೆ ಮಾಡಿದಳು, ನನ್ನ ಮಕ್ಕಳಿಗೆ ಕುಂಚಿಗೆ ಹೊಲಿದಳು. ಆದರೆ ಪ್ರತಿ ವರ್ಷ ಹಲಗೆ ಹಾಸಿದಾಗ ತನ್ನ ಹಲಗೆಯನ್ನು ಮುಟ್ಟದೆ ಉದ್ದ ಹೆಜ್ಜೆ ಹಾಕಿಯೇ ದಾಟುತ್ತಿದ್ದಳು. ಕಾಂಕ್ರೀಟು ಬಂದ ಮೇಲೂ, ಮುದುಕಿಯಾಗಿ ಕೋಲು ಹಿಡಿದ ಮೇಲೂ, ನಡು ಹೊಳೆಗೆ ಬಂದರೆ ಅವಳ ಕಾಲು ಒಮ್ಮೆ ಉದ್ದ ಚಾಚುತ್ತಿತ್ತು. ಮಂದಿ ಮುದಿತನ ಎನ್ನುತ್ತಿದ್ದರು. ನಾನು ಹಿಂದೆ ನಡೆಯುತ್ತಿದ್ದೆ. ಅಕ್ಕ ಹೋಗಿ ಈಗ ಕೆಲವು ವರ್ಷಗಳಾದವು.

ದವಾಖಾನೆಯಲ್ಲಿ ಪಟ್ಟಿ ಬಿಚ್ಚಿದ ದಿನ ಗಂಗವ್ವ ಮೊದಲು ಗೋಡೆ ನೋಡಿದಳು, ಆಮೇಲೆ ತನ್ನ ಕೈಬಳೆ, ಆಮೇಲೆ ನನ್ನನ್ನು. "ಅಯ್ಯ, ಇದೇನ ಮಾಮಾ, ಇಷ್ಟ ಮುದುಕ ಆಗೀಯಲ್ಲ! ಯಾರೂ ಹೇಳಲೇ ಇಲ್ಲ ನನಗ." ನರ್ಸಬಾಯಿ ನಕ್ಕಳು. ನಾನು ಅಲ್ಲೇ ಮಂಚದ ಅಂಚಿಗೆ ಕುಳಿತು, ಬಸ್ಸಿನಲ್ಲಿ ಕೇಳಿದ್ದಕ್ಕೆ ಉತ್ತರ ಹೇಳಿದೆ. ಹಲಗೆ, ಗರಗಸ, ಗಾಡಿಯ ಸೀಟಿ, ಅವಳ ಅಜ್ಜಿ ಮಡಿಸಿದ ಕೌದಿ, ಎಲ್ಲ. ಅವಳು ಹೊಸ ಕಣ್ಣಿನಿಂದ ನನ್ನನ್ನೇ ನೋಡುತ್ತಾ ಕೇಳಿಸಿಕೊಂಡಳು.

ಊರಿಗೆ ಬಿಡಲು ಹೋದೆ. ನಮ್ಮೂರಿನ ಹಳೆಯ ಮನೆ ನೋಡಿಕೊಂಡು, ಹೊಸ ಸೇತುವೆಯ ಮೇಲಿಂದ ಆಚೆ ದಂಡೆಯ ಅವಳ ಊರಿಗೆ ದಾಟುವುದೆಂದು ಖಾನಾಪುರದಲ್ಲಿ ರಿಕ್ಷಾ ಮಾಡಿಕೊಂಡಿದ್ದೆವು. ಸೇತುವೆಯ ಬಾಯಿಗೆ ಬಂದಾಗ ಗಂಗವ್ವ ರಿಕ್ಷಾ ನಿಲ್ಲಿಸಿದಳು.

"ಇದರ ಮ್ಯಾಲೆ ಬ್ಯಾಡ. ಸುತ್ತ ಹಾಕಿ ಹೋಗೂಣು."

ರಿಕ್ಷಾದ ಹುಡುಗ ಹಣೆ ಬಡಿದುಕೊಂಡ. "ಯಕ್ಕಾ, ಎದುರಿಗೇ ನಿಮ್ಮೂರ ಕಾಣಾಕತ್ತೇತಿ. ತಿರಗಿ ಖಾನಾಪುರಕ್ಕ ಹೋಗಿ ಬರೂದು ಯಾಕ್ರೀ?"

"ಆ ಹಾದಿ ಎಷ್ಟೈತಿ ನೋಡಬೇಕಾಗೇತಿ," ಎಂದಳು.

ಹೋದ ದಾರಿಯಲ್ಲೇ ತಿರುಗಿ ಬಂದೆವು. ಅವಳು ಹೊರಗೆ ನೋಡುತ್ತಿದ್ದಳು. ಗದ್ದೆ, ಹೆಂಚಿನ ಭಟ್ಟಿ, ಆಲದ ಮರ, ಒಂದನ್ನೂ ಬಿಡಲಿಲ್ಲ. ಖಾನಾಪುರದಲ್ಲಿ ದಾರಿ ಒಡೆಯುವ ಜಾಗದಲ್ಲಿ ಹುಡುಗ ನಿಧಾನ ಮಾಡಿದ. ಸ್ಟೇಶನ್ನಿನಲ್ಲಿ ಯಾವುದೋ ಗಾಡಿ ನಿಂತಿತ್ತು.

"ಯಾವ ಕಡಿ ಹೊರಳಸ್ಲಿ, ಅಜ್ಜಾರನ್ನ ಬಿಡಾಕ ಸ್ಟೇಶನ್ ಕಡಿನೋ, ಕಲ್ಲ ಸೇತುವಿ ಕಡಿನೋ?" ಎಂದು ಹುಡುಗ ಕೇಳಿದ.

ಗಂಗವ್ವ ಅವನ ಭುಜದ ಮೇಲೆ ಕೈಯಿಟ್ಟಳು.

"ತಡಿಯೋ ತಮ್ಮಾ. ಮಾಮಾ ಹೇಳ್ಲಿ."

ನಾನು ಕಲ್ಲು ಸೇತುವೆಯ ಕಡೆಗೆ ಕೈ ತೋರಿಸಿದೆ.